ಗುಂಡು ತಡಿಯೋದು ಯಾವ್ದು? ಕಪಾಟ, ಗ್ವಾಡಿ, ಜ್ವಾಳದ ಚೀಲ, ಟ್ರ್ಯಾಕ್ಟರ್, ಉಸುಕು

ಪಿಚ್ಚರ್‌ನ್ಯಾಗ ಹೀರೋ ಟೇಬಲ್ ಕೆಡವಿ ಅದರ ಹಿಂದ ಕುಂತ ಅಂದ್ರ ಮುಗೀತು, ಮಷಿನ್‌ಗನ್ ಗುಂಡೂ ಅವನ್ನ ಮುಟ್ಟಂಗಿಲ್ಲ. ಯೂಟ್ಯೂಬ್ ತಗದ್ರ ಅಮೆರಿಕದವರು ಫ್ರಿಜ್ಜು, ಪುಸ್ತಕದ ಗಂಟು, ಬಾಣಲಿ, ಕಲ್ಲಂಗಡಿ ಎಲ್ಲಾದಕ್ಕೂ ಹೊಡದು ತೋರಸ್ತಾರ, ನೋಡಾಕ ಮಜಾ ಇರ್ತೈತಿ ಖರೆ, ಆದ್ರ ಅವರ ಮನಿ ಗ್ವಾಡಿ ಅಂದ್ರ ಕಟಗಿ ಚೌಕಟ್ಟಿಗೆ ಜಿಪ್ಸಮ್ ಹಲಗಿ ಬಡದಿದ್ದು. ನಮ್ಮ ಕಡೆ ಹಂಗಲ್ಲ. ಬೆಳಗಾವ್ಯಾಗ ಕೆಂಪ ಕಲ್ಲು, ಬಾದಾಮಿ ಗುಳೇದಗುಡ್ಡದ ಕಡೆ ಮರಳುಗಲ್ಲು, ವಿಜಯಪುರದ ಹಳ್ಯಾಗ ಕರಿಕಲ್ಲು ಮತ್ತ ಮಣ್ಣು. ಅವರ ಲೆಕ್ಕ ತಂದು ನಮ್ಮ ಮನಿಗೆ ಹಚ್ಚಿದ್ರ ಹೊಂದೂದಿಲ್ಲ.

ಈ ವಿಷಯ ಕೇಳೋರು ನಾಕ ತರದವ್ರು ಇರ್ತಾರ. ಗಚ್ಚಿ ಮ್ಯಾಲ ಏರ್‌ಗನ್ ಪ್ರಾಕ್ಟೀಸ್ ಮಾಡೋರು, ಗುರಿ ಹಿಂದ ಏನ ಇಡೂನು ಅಂತಾರ. ಖಾನಾಪುರ ಕಡೆ ಹಂದಿ ಕಾಟಕ್ಕ ಬೆಳಿ ಕಾಯಾಕ ಲೈಸನ್ಸ್ ಬಂದೂಕ ಇಟಗೊಂಡ ರೈತರು. ಬಂಗಾರದಂಗಡಿ, ಪೆಟ್ರೋಲ್ ಪಂಪ್, ಫೈನಾನ್ಸ್ ಆಫೀಸ್ ನಡಸೋರು, ಇವರಿಗೆ ಕೌಂಟರ್ ಯಾವುದ್ರಲೇ ಮಾಡಸಬೇಕು ಅನ್ನೋ ಚಿಂತಿ. ಕಡೀಕ ಅಗ್ನಿವೀರ್ ಭರ್ತಿಗೆ ಓಡಾಡೋ ಹುಡುಗ್ರು, ಇವರಿಗೆ ಸುಮ್ನ ಕುತೂಹಲ. ನಮ್ಮ ಬೆಳಗಾವಿ ಅಂದ್ರ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರೋ ಊರು, ಪ್ರತಿ ಓಣ್ಯಾಗ ಒಬ್ಬರರ ರಿಟೈರ್ ಆದ ಸುಬೇದಾರ ಇಲ್ಲಾ ಹವಾಲ್ದಾರ ಇದ್ದೇ ಇರ್ತಾರ, ನಮ್ಮ ಕಾಕಾನೂ ಅವರಾಗ ಒಬ್ರು, ಅವರ ಕಡಿಂದ ಕೇಳಿದ್ದು ಮತ್ತ ಓದಿದ್ದು ಕೂಡಿಸಿ ಬರೀತೀನಿ.

ಮೊದ್ಲ ಒಂದ ಮಾತು. ಇದನ್ನ ಓದಿ ಯಾರೂ ಖುದ್ದ ಟೆಸ್ಟ್ ಮಾಡಾಕ ಹೋಗಬ್ಯಾಡ್ರಿ. ಲೈಸನ್ಸ್ ಐತಿ ಅಂದ್ರ ಹಿತ್ತಲದಾಗ ಹಳೇ ಫ್ರಿಜ್ಜಿಗೆ ಹೊಡಿಯಾಕ ಪರವಾನಗಿ ಅಂತಲ್ಲ. 2019ರಾಗ ಆಯುಧ ಕಾಯ್ದೆ ತಿದ್ದುಪಡಿ ಆದ ಮ್ಯಾಲಂತೂ ಬೇಜವಾಬ್ದಾರಿಲೇ ಹೊಡದ್ರ, ಮದುವಿ ಮೆರವಣಿಗ್ಯಾಗ ಹಾರಿಸಿದ್ರ ಎರಡ ವರ್ಷದ ತನಕಾ ಜೈಲು ಇಲ್ಲಾ ಒಂದ ಲಕ್ಷದ ತನಕಾ ದಂಡ ಇಲ್ಲಾ ಎರಡೂ ಐತಿ.

ಏನೇನ ನೋಡಿ ತೂಗಬೇಕು

ಎಲ್ಲಾದಕ್ಕಿಂತ ಮುಂಚೆ ಗುಂಡು ಯಾವ್ದು. "ಇದು ಬುಲೆಟ್ ತಡೀತೈತೇನ್ರಿ" ಅಂತ ಕೇಳಿದ್ರ ಅದಕ್ಕ ಉತ್ತರನ ಇಲ್ಲ, ಯಾವ ಬುಲೆಟ್ ಅಂತ ಹೇಳಿದ್ರ ಉತ್ತರ ಐತಿ. ಆಮ್ಯಾಲ ಎಷ್ಟ ದಪ್ಪ, ಆ ದಪ್ಪ ಎಲ್ಲಾ ಕಡೆ ಒಂದ ಸಮ ಐತೋ ನಡಕ ಟೊಳ್ಳ ಐತೋ. ಒಂದ ಗುಂಡಿಗೆ ನಿಲ್ಲತೈತೋ ಅದ ಜಾಗಕ್ಕ ಹತ್ತ ಬಿದ್ರೂ ನಿಲ್ಲತೈತೋ. ಗುಂಡು ನಿಂತ ಮ್ಯಾಲ ಏನ ಸಿಡೀತೈತಿ, ಚಕ್ಕಿ, ಚೂರು, ತಿರುಗಿ ಬರೋ ಸೀಸಾ, ಇದನ್ನ ಭಾಳ ಮಂದಿ ಲೆಕ್ಕಕ್ಕ ಹಿಡ್ಯೂದಿಲ್ಲ. ಉಳದದ್ದು ಜಾಗ, ಭಾರ ಮತ್ತ ರೊಕ್ಕ.

ಗುಂಡಿನ ತಾಕತ್ತ ಅಳಿಯಾಕ ಜೂಲ್ ಅನ್ನೋ ಲೆಕ್ಕ ಐತಿ, ಭಾರದ ಅರ್ಧಕ್ಕ ವೇಗದ ವರ್ಗ ಗುಣಸೋದು, ಅಂದ್ರ ವೇಗ ಎರಡ ಪಟ್ಟಾದ್ರ ತಾಕತ್ತ ನಾಕ ಪಟ್ಟು. ಮುಂದ ಬರೋ .177, .22 ಅನ್ನೋವು ನಳಿಗಿ ತೂತಿನ ಅಗಲ ಇಂಚಿನ ಲೆಕ್ಕದಾಗ, 9 ಎಂಎಂ, 5.56, 7.62 ಅನ್ನೋವು ಮಿಲಿಮೀಟರ್ ಲೆಕ್ಕದಾಗ. ನಮ್ಮಲ್ಲಿ ಲೈಸನ್ಸ್ ಇಲ್ದ ಸಿಗೋ .177 ಏರ್‌ಗನ್ನಿಗೆ ಮಿತಿ 20 ಜೂಲ್. .22 ರೈಫಲ್ಲಿಂದು 140 ಆಸುಪಾಸು. ಸರ್ಕಾರಿ ಕಾರ್ಖಾನ್ಯಾಗ ಮಾಡೋ .32 ರಿವಾಲ್ವರ್, ಪಿಸ್ತೂಲ್ 150ರಿಂದ 200. 9 ಎಂಎಂ, ಅದು ಪೊಲೀಸರು ಮಿಲಿಟರಿಯವರ ಕೈಯಾಗಿಂದು, ಸಾಮಾನ್ಯರಿಗೆ ಲೈಸನ್ಸ್ ಸಿಗೂದಿಲ್ಲ, 500 ಆಸುಪಾಸು. ಇಲ್ಲಿ ತನಕಾ ಒಂದ ಗುಂಪು ಅನಕೋರಿ. ಮುಂದ ಒಮ್ಮೆಲೆ ಜಿಗಿತೈತಿ ನೋಡ್ರಿ: ಇನ್ಸಾಸ್ ರೈಫಲ್ಲಿನ 5.56 ಗುಂಡು ಬರೇ 4 ಗ್ರಾಂ, ಆದ್ರ ಸೆಕೆಂಡಿಗೆ 900 ಮೀಟರ್ ಓಡತೈತಿ, 1,600 ಜೂಲ್ ದಾಟತೈತಿ. ಎಕೆ-47ದು 2,000. ಹಳೇ ತ್ರೀ ನಾಟ್ ತ್ರೀ (.303) 3,000ಕ್ಕಿಂತ ಮ್ಯಾಲ, ಸೈನ್ಯದ ಹಳೇ ರೈಫಲ್ ಎಸ್ಎಲ್ಆರ್‌ದು 7.62 ಗುಂಡು 3,300 ತನಕಾ. 12 ಬೋರಿನ ಒಂಟಿ ಗುಂಡಿನ ಕಾಡತೂಸು 2,500 ದಾಟತೈತಿ, ಅಂಕಿ ರೈಫಲ್ ಸನೇಕ ಇದ್ರೂ ಅದು ಮೆತ್ತಗಿನ ಸೀಸಾ, ಹೆಬ್ಬಟ್ಟಿನಷ್ಟ ದಪ್ಪ, ಹಂಗಾಗಿ ಗ್ವಾಡಿ ಒಡಿಯೋದು ಹೆಚ್ಚು, ತೂರಿ ಹೋಗೋದು ಕಡಿಮಿ.

ಇನ್ನೊಂದ ವಿಷಯ, ಎಲ್ಲಾ ಮಟೇರಿಯಲ್‌ಗೂ ಒಂದ ರ‍್ಯಾಂಕಿಂಗ್ ಇಲ್ಲ. ಕಬ್ಬಿಣದ ಪ್ಲೇಟಿಗೆ ವೇಗದ ಗುಂಡು ಅಪಾಯ, 5.56ದ ಹಗುರ ಗುಂಡು ಸಮೀಪದಿಂದ ಹೊಡದ್ರ ದೊಡ್ಡ 7.62 ತಡದಂತಾ ಗಟ್ಟಿ ಪ್ಲೇಟನ್ನೂ ತೂರೋದೈತಿ. ಅದ ಹಗುರ ಗುಂಡು ಉಸುಕಿನ್ಯಾಗ ಹೊಕ್ಕ ಕೂಡ್ಲೆ ಚೂರಚೂರ ಆಗಿ ಬೀಳತೈತಿ.

ತಲಿ ಕೆಡಿಸಿಕೊಳ್ಳದ ಬಿಡಬಹುದಾದ್ದು

ಬಾಗಿಲಾ. ತೇಗದ್ದಿರಲಿ ಹೊನ್ನಿದಿರಲಿ, ಎರಡಿಂಚಿನ ಬಾಗಿಲಾ ಏರ್‌ಗನ್ ತಡೀತೈತಿ, ಸಣ್ಣ ಛರ್ರಾ ದೂರಿಂದ ಬಂದ್ರ ತಡೀತೈತಿ, 9 ಎಂಎಂಗೆ ಏನೂ ಅಲ್ಲ. ಮೊದಲನೇ ಮಹಾಯುದ್ಧದ ಹೊತ್ತಿನ ಬ್ರಿಟಿಷ್ ಸೈನ್ಯದ ಕೈಪಿಡ್ಯಾಗ .303 ಗುಂಡು ಎಷ್ಟ ಒಳಗ ಹೋಗಬಹುದು ಅಂತ ಒಂದ ಪಟ್ಟಿ ಐತಿ, ಅದರ ಪ್ರಕಾರ ಗಟ್ಟಿ ಕಟಗ್ಯಾಗ 38 ಇಂಚು, ಮೆತ್ತಗಿನ ಕಟಗ್ಯಾಗ 58 ಇಂಚು. ಅಂದ್ರ ಮೂರ ಫೂಟಿಗೂ ಹೆಚ್ಚು ಗಟ್ಟಿ ಕಟಗಿ ಬೇಕು. ಕೆಡವಿದ ಟೇಬಲ್ಲಿನ ಕಥಿ ಇಲ್ಲೇ ಮುಗೀತು.

ಗಾದಿ, ಸೋಫಾ, ಪ್ಲೈವುಡ್ ವಾರ್ಡ್‌ರೋಬ್, ಟಿವಿ, ಇವು ಯಾವ ಲೆಕ್ಕಕ್ಕೂ ಇಲ್ಲ. ಕಣಕಿ ಬಣವಿ ನೋಡಾಕ ಮನಿಯಷ್ಟ ದೊಡ್ಡದು, ಆದ್ರ ಒಳಗಿರೋದು ಗಾಳಿ, ಹಿಂದ ಅಡಗಬಹುದು, ಉಳಿಯೋದು ಗ್ಯಾರಂಟಿ ಇಲ್ಲ. ಫ್ರಿಜ್ಜಿನ್ಯಾಗ ತೆಳ್ಳನ ತಗಡು, ಫೋಮು, ಪ್ಲಾಸ್ಟಿಕ್, ಗಟ್ಟಿ ಅನ್ನೋದು ಕೆಳಗಿನ ಕಂಪ್ರೆಸರ್ ಒಂದ.

ಕಬ್ಬಿಣದ ಕಪಾಟಿನ ಬಗ್ಗೆ ಭಾಳ ಮಂದಿಗೆ ಭ್ರಮಿ. ಭಾರ ಐತಿ, ಬಡದ್ರ ಧಣ್ ಅಂತೈತಿ, ಆದ್ರ ತಗಡು ಒಂದ ಮಿಲಿಮೀಟರ್ ಸೈತ ಇರೂದಿಲ್ಲ. ಸೀರಿ ತುಂಬಿದ ಕಪಾಟನ್ನ 9 ಎಂಎಂ ಆಚಿಗಿ ದಾಟತೈತಿ. ಅದ ಕಪಾಟಿನ್ಯಾಗ ಹಳೇ ಲೆಕ್ಕದ ಪುಸ್ತಕ, ರದ್ದಿ ಪೇಪರ್ ಒತ್ತಿ ತುಂಬಿದ್ರ ಕಥಿ ಬ್ಯಾರೆ, ಒಂದ ಗೇಣ ದಪ್ಪ ಒತ್ತಿದ ಒಣ ಪೇಪರ್ ಪಿಸ್ತೂಲ್ ಗುಂಡನ್ನ ಹಿಡೀತೈತಿ. ರೈಫಲ್ಲಿಗೆ ಅದೂ ಸಾಲೂದಿಲ್ಲ. ಖರೆ ತಿಜೂರಿ, ಹಳೇ ಸಾವುಕಾರರ ಮನ್ಯಾಗ ಇರ್ತಾವಲ್ಲ ಎಂಟ ಮಂದಿ ಎತ್ತೋವು, ಅವು ಪಿಸ್ತೂಲ್ ತಡೀತಾವು, ಆದ್ರ ಅದರ ಹಿಂದ ಒಬ್ಬನ ಕುಂದರಾಕೂ ಜಾಗ ಇರೂದಿಲ್ಲ.

ಗ್ಯಾಸ್ ಸಿಲಿಂಡರ್ ಹಿಂದ ಮಾತ್ರ ಯಾವತ್ತೂ ಬ್ಯಾಡ. ಗುಂಡು ಬಿದ್ದ ಕೂಡ್ಲೆ ಪಿಚ್ಚರಿನ್ಯಾಂಗ ಢಂ ಅಂತ ಹಾರೂದಿಲ್ಲ ಖರೆ, ಆದ್ರ ರೈಫಲ್ ಗುಂಡು ತೂತ ಮಾಡಿ ಗ್ಯಾಸ್ ಬಿಡಸ್ತೈತಿ, ಆಮ್ಯಾಲ ಒಂದ ಕಿಡಿ ಸಾಕು.

ಗ್ವಾಡಿ: ನಮ್ಮ ಮನಿಗೋಳು ಎಷ್ಟ ಗಟ್ಟಿ

ಇಲ್ಲಿ ಸ್ವಲ್ಪ ನಿಂತ ನೋಡೂನು, ಯಾಕಂದ್ರ ಬಹುತೇಕ ಮಂದಿಗೆ ಕೈಗೆ ಸಿಗೋದು ಗ್ವಾಡಿನ, ಅದಕ್ಕ ರೊಕ್ಕಾನೂ ಇಲ್ಲ.

ಇಟ್ಟಂಗಿ ಗ್ವಾಡಿ ಎರಡ ನಮೂನಿ. ರೂಮಿನ ನಡಕ ಹಾಕೋ ನಾಲ್ಕೂವರೆ ಇಂಚಿನ ಪಾರ್ಟಿಷನ್ನು .32, 9 ಎಂಎಂ ಗುಂಡನ್ನ ಒಂದೆರಡ ಸಲ ತಡೀತೈತಿ, ಆದ್ರ ರೈಫಲ್ ಗುಂಡಿಗೆ ಅದು ಅಡ್ಡಿ ಅಲ್ಲ, ಮ್ಯಾಲ ಒಳಗಿನ ಕಡೆ ಪ್ಲಾಸ್ಟರ್ ಚಕ್ಕಿ ಎದ್ದ ಕಣ್ಣಿಗೆ ಮುಖಕ್ಕ ಬಡೀತೈತಿ. ಒಂಬತ್ತ ಇಂಚಿನ ಹೊರಗಿನ ಗ್ವಾಡಿ, ಸಿಮೆಂಟ್ ಗಾರಿದು, ಒಂದ .303 ಗುಂಡಿಗೆ ನಿಲ್ಲತೈತಿ, ಬ್ರಿಟಿಷರ ಪಟ್ಟಿನೂ ಅದನ್ನ ಹೇಳತೈತಿ, ಸುಣ್ಣದ ಗಾರಿ ಆದ್ರ 14 ಇಂಚು ಬೇಕು ಅಂತೈತಿ. ಅದ ಪಟ್ಟ್ಯಾಗ ಕೆಳಗ ಇನ್ನೊಂದ ಮಾತೈತಿ: 200 ಗಜದಿಂದ ಒಂದ ಜಾಗಕ್ಕ 150 ಗುಂಡು ಹೊಡದ್ರ ಒಂಬತ್ತ ಇಂಚಿನ ಗ್ವಾಡಿ ಒಡದ ದಾರಿ ಆಗತೈತಿ. ಇಟ್ಟಂಗಿ ಗುಂಡಿನ ತಾಕತ್ತ ತಿಂತೈತಿ, ತಿಂದಷ್ಟ ತಾನೂ ಪುಡಿ ಆಗತೈತಿ.

ಸಿಮೆಂಟ್ ಹಾಲೋ ಬ್ಲಾಕ್ ಬಗ್ಗೆ ನನಗ ನಂಬಿಕಿ ಇಲ್ಲ. ದಪ್ಪ ಎಂಟ ಇಂಚ ಕಾಣತೈತಿ, ಒಳಗ ಟೊಳ್ಳು, ಖರೆ ಸಿಮೆಂಟು ಎರಡೂ ಕಡೆ ಕೂಡಿ ಮೂರಿಂಚೂ ಬರಂಗಿಲ್ಲ. ಅಮೆರಿಕದ ಸೈನ್ಯದ ನಗರ ಕಾಳಗದ ಕೈಪಿಡ್ಯಾಗ 7.62 ಗುಂಡು 25 ಮೀಟರಿಂದ ಇಂತಾ ಬ್ಲಾಕಿನ್ಯಾಗ 8 ಇಂಚು, ಗಟ್ಟಿ ಕಾಂಕ್ರೀಟಿನ್ಯಾಗ ಬರೇ 2 ಇಂಚು ಹೋಗತೈತಿ ಅಂತ ಐತಿ. ಆದ್ರ ಆ ಟೊಳ್ಳಿನ್ಯಾಗ ಉಸುಕು ಇಲ್ಲಾ ಸಣ್ಣ ಖಡಿ ಕಾಂಕ್ರೀಟ್ ತುಂಬಿದ್ರ ಅದ ಬ್ಲಾಕು ಏಕದಂ ಬ್ಯಾರೆ ವಸ್ತು ಆಗತೈತಿ, ಖರ್ಚೂ ಅಷ್ಟೇನ ಇಲ್ಲ. ಈಗ ಅಪಾರ್ಟ್‌ಮೆಂಟಿಗೆ ಹಾಕೋ ಬಿಳಿ ಎಎಸಿ ಬ್ಲಾಕು (ಒಳಗ ಗಾಳಿ ಗುಳ್ಳಿ ಇರೋ ಸಿಮೆಂಟ್ ಬ್ಲಾಕು) ಇನ್ನೂ ಹಗುರ, ನೀರಾಗ ತೇಲತಾವು, ಎಂಟ ಇಂಚಿಂದು ಪಿಸ್ತೂಲಿಗೆ ನಡೀತೈತಿ, ರೈಫಲ್ಲಿಗೆ ಬ್ಯಾಡ.

ಆರ್‌ಸಿಸಿ ಕಾಲಂ ಅಂದ್ರ ಮನ್ಯಾಗ ಎಲ್ಲಾದಕ್ಕಿಂತ ಗಟ್ಟಿ ಜಾಗ. ಒಂಬತ್ತ ಇಂಚ ಅಗಲ ಇರ್ತೈತಿ, ಅಡ್ಡ ನಿಂತ್ರ ಒಬ್ಬನ ಎದಿ ಮರಿ ಆಗತೈತಿ, ಅಷ್ಟ.

ಬೆಳಗಾವಿ ಖಾನಾಪುರದ ಕೆಂಪ ಕಲ್ಲಿನ ಹಳೇ ಮನಿ ನನ್ನ ಕಣ್ಣಿಗೆ ಇಟ್ಟಂಗಿಕಿಂತ ಮ್ಯಾಲ, ಗ್ವಾಡಿ ದಪ್ಪ ಇರ್ತಾವು, ಕಲ್ಲು ತೂತತೂತ ಇರೋದ್ರಿಂದ ಒಡದ್ರೂ ದೊಡ್ಡ ಚಕ್ಕಿ ಏಳೂದಿಲ್ಲ. ಬಾದಾಮಿ ಮರಳುಗಲ್ಲು ಗಟ್ಟಿ. ವಿಜಯಪುರದ ಕರಿಕಲ್ಲು ಇನ್ನೂ ಗಟ್ಟಿ, ಅದಕ್ಕ ಅದರ ತೊಂದ್ರಿ ಬ್ಯಾರೆ: ಗುಂಡು ಒಳಗ ಹೋಗೂದಿಲ್ಲ, ಜಾರಿ ಗ್ವಾಡಿ ಗುಂಟ ಓಡತೈತಿ. ಗ್ವಾಡಿಗೆ ಬೆನ್ನ ಹಚ್ಚಿ ನಿಲ್ಲಬ್ಯಾಡ, ಮೂರ ಫೂಟ್ ಸರದ ನಿಲ್ಲು ಅಂತ ನಮ್ಮ ಕಾಕಾ ಹೇಳೋದು ಇದಕ್ಕ. ಓರೆಯಾಗಿ ಬಂದ ಗುಂಡು ಗಟ್ಟಿ ಮೈಗೆ ಬಡದ ಮ್ಯಾಲ ಅದರ ಗುಂಟನ ಸಪಾಟಾಗಿ ಹೋಗತೈತಿ, ಬೆನ್ನ ಹಚ್ಚಿ ನಿಂತವನ್ನ ಹಿಡೀತೈತಿ.

ಮಣ್ಣಿನ ಗ್ವಾಡಿ, ಎರಡೆರಡೂವರೆ ಫೂಟಿನ ಹಳ್ಳಿ ಮಾಳಗಿ ಮನಿ, ಪಿಸ್ತೂಲ್ ಮತ್ತ 12 ಬೋರಿಗೆ ಆರಾಮ ಸಾಕು. ರೈಫಲ್ಲಿಗೆ ಲೆಕ್ಕ ಸೂಕ್ಷ್ಮ, ಕಲ್ಲಿಲ್ಲದ ಮಣ್ಣಿನ್ಯಾಗ .303ಕ್ಕ 40 ಇಂಚು ಅಂತ ಆ ಪಟ್ಟಿ ಹೇಳತೈತಿ, ಹಸಿ ಜಿಗಟ ಮಣ್ಣಿಗೆ 60 ಇಂಚು. ಮಣ್ಣು ಹಸಿ ಆದಷ್ಟ ಗುಂಡು ಸಲೀಸ ಹೋಗತೈತಿ, ಯರಿ ಹೊಲದ ಒಡ್ಡು ಮಳಿಗಾಲದಾಗ ಒಂದ, ಬ್ಯಾಸಗ್ಯಾಗ ಒಂದ. ವಿಜಯಪುರದ ಕೋಟಿ ಕಟ್ಟಿದವ್ರು ಎರಡ ಕಲ್ಲಿನ ಗ್ವಾಡಿ ಎಬ್ಬಿಸಿ ನಡಕ ಮಣ್ಣ ತುಂಬಿದ್ದು ಸುಮ್ನಲ್ಲ, ಮುಂದಿನ ಕಲ್ಲು ಗುಂಡನ್ನ ಒಡೀತೈತಿ, ಒಳಗಿನ ಮಣ್ಣು ಉಳದದ್ದನ್ನ ನುಂಗತೈತಿ. 1549ರಾಗ ಎರಕ ಹೊಯ್ದ 55 ಟನ್ನಿನ ಮಲಿಕ್-ಎ-ಮೈದಾನ್ ತೋಪಿನಂತಾವ್ನ ಎದುರ ಇಟಗೊಂಡ ಯೋಚ್ನಿ ಮಾಡಿದ ಮಂದಿ ಅವ್ರು, ನಮಗ 9 ಎಂಎಂ ಚಿಂತಿ.

ಉಸುಕು, ಖಡಿ, ಜ್ವಾಳ, ಸಕ್ಕರಿ

ರೊಕ್ಕಕ್ಕ ತಕ್ಕ ಮಾಲು ಅಂದ್ರ ಇದ. ಗಟ್ಟಿ ವಸ್ತು ಗುಂಡಿಗೆ ಎದುರ ನಿಂತ ಒಡೀತೈತಿ. ಕಾಳಕಾಳ ಇರೋ ವಸ್ತು ಒಡಿಯೂದಿಲ್ಲ. ಜಾತ್ರ್ಯಾಗ ಕಳ್ಳ ಓಡಿದ್ರ ಒಬ್ಬೊಬ್ಬರಿಗೂ ಡಿಕ್ಕಿ ಹೊಡಕೊಂತ ಹತ್ತ ಮಾರಿನ್ಯಾಗ ಹೆಂಗ ನಿಲ್ತಾನೋ ಹಂಗ ಗುಂಡು ಒಂದೊಂದ ಕಾಳನ್ನ ದಬ್ಬಿಕೊಂತ ವೇಗ ಕಳಕೊಂತೈತಿ, ಡೊಂಕ ಆಗತೈತಿ, ಮಗ್ಗಲಾಗತೈತಿ, ವೇಗದ್ದಾದ್ರ ಚೂರ ಆಗತೈತಿ. ಬ್ರಿಟಿಷ್ ಪಟ್ಟ್ಯಾಗ ಚೀಲದಾಗ ತುಂಬಿದ ಉಸುಕು .303ಕ್ಕ 18 ಇಂಚು, ಸುಮ್ನ ಗುಡ್ಡಿ ಹಾಕಿದ ಸಡಿಲ ಉಸುಕು 30 ಇಂಚು. ಅದರಕಿಂತ ಚಲೋದು ಒಂದ ಇಂಚಿನೊಳಗಿನ ಖಡಿ, ಎರಡ ಹಲಗಿ ನಡಕ ತುಂಬಿದ್ರ ಬರೇ 6 ಇಂಚು! ಮನಿ ಕಟ್ಟೋ ಹೊತ್ತಿನ್ಯಾಗ ಬಾಗಿಲ ಮುಂದ ಬಿದ್ದಿರೋ ಖಡಿ ಗುಡ್ಡಿಗೆ ಇಷ್ಟ ತಾಕತ್ತ ಐತಿ. ಖಡಿಗೆ ಹಲಗಿ ಬೇಕ ಬೇಕು ಮತ್ತ, ಇಲ್ಲಂದ್ರ ಕಲ್ಲ ಸಿಡೀತಾವು.

ಉಸುಕಿನ್ಯಾಗ ಒಂದ ವಿಚಿತ್ರ ಐತಿ, ಮೊದ್ಲ ಕೇಳಿದವ್ರು ನಂಬೂದಿಲ್ಲ. ಅಮೆರಿಕದ ಕೈಪಿಡಿ ಪ್ರಕಾರ 7.62 ಗುಂಡು ಒಣ ಉಸುಕಿನ್ಯಾಗ 25 ಮೀಟರಿಂದ ಹೊಡದ್ರ 5 ಇಂಚು ಹೋಗತೈತಿ, 200 ಮೀಟರಿಂದ ಹೊಡದ್ರ 7 ಇಂಚು. ದೂರ ಹೋದಷ್ಟ ಹೆಚ್ಚ! ಸನೇ ಇದ್ದಾಗ ವೇಗ ಭಾಳ ಇರೋದ್ರಿಂದ ಗುಂಡು ಉಸುಕಿಗೆ ಬಡದ ಕೂಡ್ಲೆ ಡೊಂಕಾಗಿ ಒಡೀತೈತಿ, ದೂರದಾಗ ವೇಗ ಇಳದಿರ್ತೈತಿ, ಹಂಗಾಗಿ ನೆಟ್ಟಗ ಹೊಕ್ಕ ಹೋಗತೈತಿ. ಬ್ರಿಟಿಷರ 18 ಇಂಚು ಅನ್ನೋದು ಗರಿಷ್ಠದ ಲೆಕ್ಕ, ಕಟ್ಟಬೇಕಂದ್ರ ಅದನ್ನ ಹಿಡೀರಿ.

ಜ್ವಾಳದ ಚೀಲ ಕಾಳಕಾಳ ಖರೆ, ಆದ್ರ ಭಾರ ನೋಡ್ರಿ, ಒಂದ ಘನ ಮೀಟರ್ ಉಸುಕು 1,600 ಕೆಜಿ ಆದ್ರ ಜ್ವಾಳ ಅದರ ಅರ್ಧದ ಸುತ್ತಮುತ್ತ. ಹಂಗಾಗಿ ಉಸುಕಿನ ಎರಡ ಪಟ್ಟು ದಪ್ಪ ಬೇಕು ಅಂತ ಹಿಡೀರಿ. ಕ್ವಿಂಟಲ್ ಚೀಲ ಒಂದ ಸಾಲ ಪಿಸ್ತೂಲಿಗೆ ಸಾಕು, ರೈಫಲ್ಲಿಗೆ ಎರಡ ಸಾಲ, ಅದೂ ಚೀಲದ ಸಂದಿಗೆ ಸಂದಿ ಬರದಂಗ ಇಟ್ಟಂಗಿ ಕಟ್ಟಿದಂಗ ಒಟ್ಟಿದ್ರ. ಸಕ್ಕರಿ ಚೀಲ ಜ್ವಾಳಕಿಂತ ಸ್ವಲ್ಪ ಭಾರ, ನಮ್ಮ ಕಡೆ ಫ್ಯಾಕ್ಟರಿ ಗೋದಾಮಿನ್ಯಾಗ ಕೆಲಸ ಮಾಡೋ ವಾಚ್‌ಮನ್‌ಗೆ ಅದರಕಿಂತ ಚಲೋ ಮರಿ ಸಿಗೂದಿಲ್ಲ. ಸಿಮೆಂಟ್ ಚೀಲ ಇವೆರಡಕಿಂತ ಭಾರ, ಉಸುಕಿನ ಹತ್ರ ಹತ್ರ. ಅರಳಿ ಅಂಡಗಿ, ಹತ್ತಿ ಚೀಲ ಬ್ಯಾಡ. ಇದರಾಗ ಒಂದ ತೊಂದ್ರಿ, ತೂತ ಬಿದ್ದ ಚೀಲದಿಂದ ಕಾಳ ಸೋರತೈತಿ, ಹತ್ತ ಗುಂಡು ಬಿದ್ದ ಮ್ಯಾಲ ಮ್ಯಾಲಿನ ಚೀಲ ಕುಸೀತೈತಿ. ಹಸಿ ಉಸುಕು ಸೋರೋದು ಕಡಿಮಿ.

ನೀರು

ನೀರು ಗುಂಡಿಗೆ ಮೆತ್ತಗ ಅನಸತೈತಿ, ಆದ್ರ ವೇಗದ ರೈಫಲ್ ಗುಂಡು ನೀರಾಗ ಮೂರ ಫೂಟಿನೊಳಗ ಒಡದ ನಿಂತ ಬಿಡತೈತಿ. ನಿಧಾನ ಬರೋ ಪಿಸ್ತೂಲ್ ಗುಂಡು ಒಡಿಯೂದಿಲ್ಲ, ಮುಂದ ಹೋಗತೈತಿ. 200 ಲೀಟರ್ ಡ್ರಮ್ಮಿನ ಅಗಲ ಎರಡ ಫೂಟಿಗೂ ಸ್ವಲ್ಪ ಕಡಿಮಿ, ಅದು 5.56 ತಡದೀತು, ಆದ್ರ 9 ಎಂಎಂ ತಡೀತೈತಿ ಅಂತ ಭರವಸಿ ಇಡಬ್ಯಾಡ್ರಿ, ಎರಡ ಡ್ರಮ್ ಹಿಂದ ಹಿಂದ ಇಟ್ರ ಬ್ಯಾರೆ. ಗಚ್ಚಿ ಮ್ಯಾಲಿನ ಸಾವಿರ ಲೀಟರ್ ಟ್ಯಾಂಕಿ ಅಗಲ ಮೂರ ಫೂಟಿಗೂ ಜಾಸ್ತಿ, ತುಂಬಿದ್ದಾಗ ಗಟ್ಟಿ ಮರಿ. ತುಂಬಿದ್ದಾಗ ಅನ್ನೋದ ಇಲ್ಲಿ ಗುಟ್ಟು, ಮೊದಲನೇ ತೂತಿನ ಮಟ್ಟಕ್ಕ ನೀರ ಇಳದ ಮ್ಯಾಲ ಮ್ಯಾಲಿಂದು ಬರೇ ಪ್ಲಾಸ್ಟಿಕ್, ಮತ್ತ ನಮ್ಮ ಊರಾಗ ಬ್ಯಾಸಗಿ ಟ್ಯಾಂಕಿ ಸ್ಥಿತಿ ಎಲ್ರಿಗೂ ಗೊತ್ತ ಐತಿ.

ಗಾಡಿ

ಕಾರಿನ ಬಾಗಿಲಾ ಮುಕ್ಕಾಲ ಮಿಲಿಮೀಟರ್ ತಗಡು, 9 ಎಂಎಂ ಒಂದ ಕಡೆ ಹೊಕ್ಕ ಸೀಟು ದಾಟಿ ಇನ್ನೊಂದ ಬಾಗಿಲಕ್ಕ ಹೋಗತೈತಿ, ನಡಕ ಕಿಡಕಿ ಮೋಟರೋ ಬೀಗಾನೋ ಅಡ್ಡ ಬಂದ್ರ ಅದು ಹಣಿಬರಾ. ಮುಂದಿನ ಗ್ಲಾಸು ಎರಡ ಪದರದ್ದು, ಗುಂಡಿನ ದಾರಿ ತಪ್ಪಸ್ತೈತಿ, ಆದ್ರ ತಡಿಯೂದಿಲ್ಲ. ಬಾಜೂ ಗ್ಲಾಸು ಪುಡಿಪುಡಿ. ಕಾರಿನ್ಯಾಗ ಖರೆ ಮರಿ ಅಂದ್ರ ಇಂಜಿನ್, ಆಮ್ಯಾಲ ಗಾಲಿ ರಿಮ್ಮು ಬ್ರೇಕ್ ಡಿಸ್ಕು, ಮುಂದಿನ ಗಾಲಿ ಹಿಂದ ಬಾಗಿ ಕುಂತ್ರ ಇಂಜಿನ್ನೂ ಗಾಲಿನೂ ಎರಡೂ ನಡಕ ಬರ್ತಾವು. ಅದೂ ಬೀಡು ಕಬ್ಬಿಣದ ಹಳೇ ಇಂಜಿನ್ ಆದ್ರ ಚಲೋ, ಈಗಿನ ಸಣ್ಣ ಕಾರಿನ್ಯಾಗ ಅಲ್ಯುಮಿನಿಯಂ.

ಅದಕ್ಕ ಹೇಳೋದು, ಹೊಲದಾಗಿದ್ರ ಟ್ರ್ಯಾಕ್ಟರೇ ರಾಜಾ. ಇಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲಾ ಬೀಡು ಕಬ್ಬಿಣದ್ದು, ಮುಂದಿಂದ ಹಿಂದಿನ ತನಕಾ ಒಂದ ಗಟ್ಟಿ ಬೆನ್ನೆಲುಬು. ಮ್ಯಾಲ ಕಬ್ಬಿನ ಟ್ರಾಲಿ ಎಳಿಯೋರು ಹಿಂದಿನ ಟೈರಿನ್ಯಾಗ ನೀರ ತುಂಬಸಿರ್ತಾರ, ಗ್ರಿಪ್ ಸಿಗಲಿ ಅಂತ, ಆ ನೀರು, ದಪ್ಪ ರಬ್ಬರ್, ನಡಕ ಹಾಕೋ ಕಬ್ಬಿಣದ ವೇಟು, ಇಷ್ಟೂ ಕೂಡಿ ಹಿಂದಿನ ಗಾಲಿ ಹಿಂದ ಕುಂತವಗ ಕಾರಿನ್ಯಾಗ ಎಲ್ಲೂ ಸಿಗದ ಆಸರಾ. ಕಬ್ಬು ತುಂಬಿದ ಟ್ರಾಲಿ ದೊಡ್ಡದ ಕಾಣತೈತಿ, ಗಳ ಗಳ ನಡಕ ಸಂದಿ ಭಾಳ, ನಂಬಬ್ಯಾಡ್ರಿ.

ಫರಸಿ, ಪ್ಲೇಟು, ಗ್ಲಾಸು: ರೊಕ್ಕ ಹಾಕಿ ಮಾಡಸೋರಿಗೆ

ಅಡಗಿಮನಿ ಕಟ್ಟಿ ಮ್ಯಾಲಿನ ಕಡಪಾ, ನೆಲದ ಶಹಾಬಾದ ಫರಸಿ, ಇಳಕಲ್ಲ ಗ್ರಾನೈಟು, ಇವು ಗಟ್ಟಿ ಅನ್ನೋದು ಖರೆ, ಆದ್ರ ಮುಕ್ಕಾಲ ಇಂಚಿನ ಹಾಸಗಲ್ಲು ಒಂದ ಪಿಸ್ತೂಲ್ ಗುಂಡಿಗೆ ತುಂಡ ಆಗತೈತಿ, ಎರಡನೇದಕ್ಕ ಅಲ್ಲಿ ಏನೂ ಇರೂದಿಲ್ಲ. ಕೌಂಟರ್ ಮುಂದ ಚಂದಕ್ಕ ಹಚ್ಚರಿ, ರಕ್ಷಣಾ ಅಂತ ಲೆಕ್ಕ ಹಿಡೀಬ್ಯಾಡ್ರಿ.

ಕಬ್ಬಿಣದ ಪ್ಲೇಟು ಜಾಗ ಉಳಸ್ತೈತಿ. ಸಾದಾ ಕಬ್ಬಿಣ 6 ಮಿಮೀ ಪಿಸ್ತೂಲ್ ದರ್ಜೆಗೆ ನಡೀತೈತಿ, ಒಂದ ಚದರ ಮೀಟರಿಗೆ 47 ಕೆಜಿ ಭಾರ. ರೈಫಲ್ಲಿಗೆ ಸಾದಾ ಕಬ್ಬಿಣ ಅಂದ್ರ ಬ್ರಿಟಿಷ್ ಪಟ್ಟಿ ಪ್ರಕಾರ ಮುಕ್ಕಾಲ ಇಂಚು, ಹದ ಹಾಕಿದ ಗಟ್ಟಿ ಉಕ್ಕು ಆದ್ರ ಅದರ ಅರ್ಧ ದಪ್ಪದಾಗ ಕೆಲಸ ಆಗತೈತಿ, ಆದ್ರ ಅದನ್ನ ಗುಜರಿ ಅಂಗಡ್ಯಾಗ ಗುರ್ತು ಹಿಡಿಯಾಕ ಆಗೂದಿಲ್ಲ, ಗ್ಯಾಸ್ ಕಟರ್ ಹಚ್ಚಿದ್ರ ಕೊಯ್ದ ಅಂಚಿನ ಹದಾನೂ ಹೋಗತೈತಿ. ಪ್ಲೇಟಿನ ದೊಡ್ಡ ಕೆಟ್ಟ ಗುಣ ಸಿಡಿಯೋದು, ಗುಂಡು ಒಡದ ಅದರ ಸೀಸಾ ಚೂರು ಪ್ಲೇಟಿನ ಮೈಗುಂಟ ಸುತ್ತಲೂ ಹಾರತೈತಿ. ಮುಂದ ಒಂದ ಇಂಚ ಪ್ಲೈವುಡ್ಡೋ ದಪ್ಪ ರಬ್ಬರ್ ಮ್ಯಾಟೋ ಹಚ್ಚಿದ್ರ ಚೂರು ಅದರಾಗ ಸಿಗತಾವು.

ಅದರ ಬದಲಿಗೆ ಎರಡ ಪ್ಲೈವುಡ್ ನಡಕ ಆರೆಂಟ ಇಂಚ ಸಣ್ಣ ಖಡಿ ತುಂಬಿ ಕೌಂಟರ್ ಕಟ್ಟಿಸಿದ್ರ? ಖರ್ಚು ಭಾಳ ಕಡಿಮಿ, ಸಿಡಿಯೂದಿಲ್ಲ, ರೈಫಲ್ಲಿಗೂ ನಿಲ್ಲತೈತಿ. ಜಾಗ ತಿಂತೈತಿ ಮತ್ತ ಒಂದ ಚದರ ಮೀಟರಿಗೆ ಕಾಲ ಟನ್ ಭಾರ, ಅಂದ್ರ ನೆಲಮಹಡಿ ಅಂಗಡಿಗೆ ಇದು, ಮ್ಯಾಲಿನ ಮಹಡಿ ಆಫೀಸಿಗೆ ಪ್ಲೇಟು. ನನ್ನ ಕೇಳಿದ್ರ ಪೆಟ್ರೋಲ್ ಪಂಪಿನ ಕ್ಯಾಷ್ ರೂಮಿಗೆ ಖಡಿ ಗ್ವಾಡಿನ, ಬಂಗಾರದಂಗಡಿ ಕೌಂಟರಿಗೆ ಒಳಗ ಕಾಣದಂಗ 6 ಮಿಮೀ ಪ್ಲೇಟು, ಯಾಕಂದ್ರ ದರೋಡಿಗೆ ಬರೋರ ಕೈಯಾಗ ಇರೋದು ಹೆಚ್ಚಾಗಿ ನಾಡ ಪಿಸ್ತೂಲು.

ಅಂಗಡಿ ಮುಂದಿನ 12 ಮಿಮೀ ಟಫನ್ ಗ್ಲಾಸು ಗುಂಡಿಗೆ ಗ್ಲಾಸೇ ಅಲ್ಲ. ಬುಲೆಟ್‌ಪ್ರೂಫ್ ಅಂದ್ರ ಪದರ ಪದರ ಅಂಟಿಸಿದ್ದು, ಪಿಸ್ತೂಲ್ ದರ್ಜೆದು 20 ಮಿಮೀ ಸುತ್ತ, ರೈಫಲ್ ದರ್ಜೆದು ಅದರ ಎರಡ ಪಟ್ಟು. ಯಾವ ದರ್ಜೆ, ಯಾವ ಗುಂಡಿಗೆ ಟೆಸ್ಟ್ ಆಗೈತಿ ಅಂತ ಕಾಗದ ಕೇಳ್ರಿ. ಜಾಕೆಟ್ ಕೊಳ್ಳೋ ಸೆಕ್ಯುರಿಟಿ ಏಜೆನ್ಸಿಯವ್ರು ಐಎಸ್ 17051 ಅನ್ನೋ ಬಿಐಎಸ್ (ದೇಶದ ಮಾನಕ ಸಂಸ್ಥೆ) ನಂಬರ್ ಕೇಳಬೇಕು, 2018ರಾಗ ಬಂದದ್ದು. ಮೆತ್ತಗಿನ ಜಾಕೆಟ್ ಪಿಸ್ತೂಲಿಗೆ, ರೈಫಲ್ಲಿಗೆ ಒಳಗ ಗಟ್ಟಿ ಪ್ಲೇಟ್ ಬೇಕ ಬೇಕು.

ಮ್ಯಾಲಿಂದ ಬೀಳೋ ಗುಂಡು

ಮದುವಿ ಪೆಂಡಾಲಿನ್ಯಾಗ ಯಾರೋ ಹುಮ್ಮಸ್ಸಿಗೆ ಆಕಾಶಕ್ಕ ಹೊಡದ್ರ ಅದು ತಿರುಗಿ ಬರ್ತೈತಿ. ನೆಟ್ಟಗ ಮ್ಯಾಲ ಹೋಗಿ ಬೀಳೋ ರೈಫಲ್ ಗುಂಡು ಸೆಕೆಂಡಿಗೆ 90 ಮೀಟರ್ ಸುತ್ತ ವೇಗದಾಗ ಇಳೀತೈತಿ, ಹೆಚ್ಚೂಕಡಿಮಿ 40 ಜೂಲ್, ಲೈಸನ್ಸ್ ಇಲ್ಲದ ಏರ್‌ಗನ್ ಮಿತಿಯ ಎರಡ ಪಟ್ಟು, ತಲಿಗೆ ಬಿದ್ರ ಜೀವಾನ ಹೋದೀತು. ಓರೆಯಾಗಿ ಹೊಡದಿದ್ರ ಇನ್ನೂ ವೇಗ. ಆರ್‌ಸಿಸಿ ಸ್ಲ್ಯಾಬು ಇದಕ್ಕ ಸಾಕ ಸಾಕು, ಮೇಲ್ಮುದ್ದಿ ಮಾಳಗಿನೂ ಸಾಕು. ಹಂಚು ಒಡೀತೈತಿ, ತೆಳ್ಳನ ಪತ್ರಾ ನಂಬಾಕ ಆಗೂದಿಲ್ಲ, ಪೆಂಡಾಲಿನ ಅರಬಿ ಇದ್ದರೂ ಅಷ್ಟ ಇಲ್ದಿದ್ರೂ ಅಷ್ಟ.

ಏರ್‌ಗನ್, ಮತ್ತ ಹೊಲದಾಗ ಗುರಿ

ಏರ್‌ಗನ್ನಿಗೆ ಇಷ್ಟೆಲ್ಲಾ ಬ್ಯಾಡ. ಗಟ್ಟಿ ರಟ್ಟಿನ ಡಬ್ಬ್ಯಾಗ ರದ್ದಿ ಪೇಪರ್ ಇಲ್ಲಾ ಹಳೇ ಅರಬಿ ಅರ್ಧ ಫೂಟ್ ದಪ್ಪ ಒತ್ತಿ ತುಂಬ್ರಿ, ಹಿಂದ 3 ಮಿಮೀ ತಗಡ ಹಚ್ಚರಿ, ಸಾಕು. ಬರೇ ತಗಡಿಗೆ, ಬರೇ ಕಲ್ಲಿಗೆ ಹೊಡೀಬ್ಯಾಡ್ರಿ, ಸೀಸಾದ ಪೆಲೆಟ್ ಚಪ್ಪಟ ಆಗಿ ಬೀಳತೈತಿ, ಉಕ್ಕಿನ ಬಿಬಿ ಅನ್ನೋ ದುಂಡನ ಸಣ್ಣ ಗುಂಡು ಹಂಗ ತಿರುಗಿ ಕಣ್ಣಿಗೆ ಬರ್ತೈತಿ. ಗಚ್ಚಿ ಮ್ಯಾಲ ಹೊಡಿಯೋರು ಡಬ್ಬಿ ಹಿಂದ ಬಾಜೂ ಮನಿ ಕಿಡಕಿ ಇರದಂಗ ನೋಡ್ರಿ, ಡಬ್ಬಿಗೆ ಬೀಳದ ತಪ್ಪಿದ ಪೆಲೆಟ್ ಎಲ್ಲಿ ಹೊಕ್ಕೈತಿ ಅನ್ನೋದ ಖರೆ ಪ್ರಶ್ನಿ. ಮುಗದ ಮ್ಯಾಲ ಕೈ ತೊಳೀರಿ, ಸೀಸಾ.

ಬೆಳಿ ರಕ್ಷಣಾ ಬಂದೂಕದವ್ರು ಪ್ರಾಕ್ಟೀಸ್ ಮಾಡೂದಿದ್ರ ಪರ್ಮಿಷನ್ ಇರೋ ರೇಂಜಿಗೆ ಹೋಗೋದು ಚಲೋ. ರೇಂಜಿನವ್ರು ದಿಬ್ಬಾ ಯಾಕ ಅಷ್ಟ ದೊಡ್ಡದ ಹಾಕ್ತಾರ ಅಂದ್ರ .22ರ ಸಣ್ಣ ಗುಂಡೂ ಒಂದೂವರೆ ಕಿಲೋಮೀಟರ್ ದಾಟತೈತಿ, ಹೊಲದ ಆಚಿ ಹೊಲದಾಗ ಕಳೆ ತಗಿಯೋರು ಇರ್ತಾರ. ದಿಬ್ಬದ ಮಣ್ಣಿನ್ಯಾಗ ಕಲ್ಲ ಇರಬಾರದು, ಮುಂದಿನ ಒಂದೆರಡ ಫೂಟು ಸೋಸಿದ ಉಸುಕು ಇಲ್ಲಾ ಗರಸು ಇರಬೇಕು, ಮುರುಮಿನ್ಯಾಗಿನ ದಪ್ಪ ಕಲ್ಲು ಗುಂಡನ್ನ ಮ್ಯಾಲ ಎಸೀತೈತಿ. ಒಂದ ಜಾಗಕ್ಕ ಹೊಡದು ಹೊಡದು ಅಲ್ಲಿ ಸೀಸಾದ ಗಂಟು ಆಗತೈತಿ, ಹೊಸ ಗುಂಡು ಆ ಗಂಟಿಗೆ ಬಡದು ಸಿಡೀತೈತಿ, ಅದಕ್ಕ ನಡನಡಕ ಮುಂದಿನ ಉಸುಕು ತಗದು ಜರಡಿ ಹಿಡದು ಸೀಸಾ ಬ್ಯಾರೆ ಮಾಡಬೇಕು. ಬಾವಿ, ಬೋರ್‌ವೆಲ್ಲು, ಹಳ್ಳದ ದಂಡಿ ಬಿಟ್ಟು ಎತ್ತರದಾಗಿರೋ ಒಣ ಜಾಗಾ ನೋಡಿ ದಿಬ್ಬಾ ಹಾಕಬೇಕು, ಮಳಿ ನೀರಿನ ಜೋಡಿ ಸೀಸಾ ಕುಡಿಯೋ ನೀರಿಗೆ ಇಳೀಬಾರದು.